ಅಜ್ಜಿಯನ್ನು ಕರೆದುಕೊಂಡು ಹೇಳದೆ ಕೇಳದೆ ಕಲ್ಲಿಕೋಟೆಗೆ ಹೋಗಿ ಒಂದು ರಾತ್ರಿ ಉಳಿದೆ. ಅಷ್ಟು ದೊಡ್ಡ ತಪ್ಪಾ ಇದು?

ಪೆರ್ಲದ ಕೂಸು:
ಇಲ್ಲಿ ಕಾಸರಗೋಡಿನವರು ಜಾಸ್ತಿ ಇದ್ದೀರಿ. ನಮ್ಮ ಮನೆಗಳ ರೀತಿ ಗೊತ್ತಿರುವವರ ಹತ್ತಿರವೇ ಕೇಳೋಣ ಅಂತ ಬರೆಯುತ್ತಿದ್ದೇನೆ. ಮೂರು ದಿನದಿಂದ ಮಾವ ನನ್ನ ಹತ್ತಿರ ಮಾತಾಡುತ್ತಿಲ್ಲ.

ನಾನು ಕೆಲಸ ಮಾಡುವುದು ಬೆಂಗಳೂರಲ್ಲಿ. ಈಗ ಎರಡು ವಾರ ರಜೆ ಹಾಕಿ ಅಜ್ಜನ ಮನೆಗೆ ಬಂದಿದ್ದೇನೆ. ಅಜ್ಜಿಗೆ 78. ಕಣ್ಣಿನ ಪೊರೆ ತೆಗೆಸಿ ಎರಡು ತಿಂಗಳಾಯಿತು. ಮಂಗಳವಾರ ಕೊನೆಯ ಸಲ ಡಾಕ್ಟರಿಗೆ ತೋರಿಸಲಿಕ್ಕಿತ್ತು. ಮಾವನಿಗೆ ಅಡಿಕೆ ಕೊಯ್ಲು, ಆಳುಗಳು ಬಂದಿದ್ದರು. ಹಾಗಾಗಿ ನಾನೇ ಬಸ್ಸಿನಲ್ಲಿ ಕಾಸರಗೋಡಿಗೆ ಕರೆದುಕೊಂಡು ಹೋದೆ. ಹನ್ನೆರಡಕ್ಕೆಲ್ಲ ಮುಗಿಯಿತು. ಕಣ್ಣು ಸರಿ ಉಂಟು, ಇನ್ನು ಡ್ರಾಪ್ಸ್ ಬೇಡ ಅಂದರು.

ಬಂದ ಹಾಗೆ ನನ್ನ ವಾಪಸ್ ಟಿಕೆಟ್ ವಿಚಾರಿಸೋಣ ಅಂತ ರೈಲ್ವೆ ಸ್ಟೇಷನ್ನಿಗೆ ಹೋದೆವು. ನಾನು ಕೌಂಟರಿನಲ್ಲಿ ನಿಂತಿದ್ದೆ, ಅಜ್ಜಿ ಬೆಂಚಿನಲ್ಲಿ ಕೂತಿದ್ದರು. ಮೈಕಿನಲ್ಲಿ ಚೆನ್ನೈ ಮೇಲ್ ಬರುತ್ತದೆ ಅಂತ ಹೇಳುತ್ತಾ ಊರುಗಳ ಹೆಸರು ಓದಿದರು. ನಾನು ತಿರುಗಿ ಬರುವಾಗ ಅಜ್ಜಿ ಎದ್ದು ನಿಂತಿದ್ದರು. "ಕೋಝಿಕ್ಕೋಡ್ ಹೇಳಿರೆ ಕಲ್ಲಿಕೋಟೆಯೇ ಅಲ್ಲದಾ ಕೂಸೇ?" ಹೌದು ಅಜ್ಜಿ ಅಂದೆ. "ಹಾಂಗಾರೆ ಹೋಪ."

ನಾನು ನಕ್ಕೆ. ಅಜ್ಜಿ ನಗಲಿಲ್ಲ.

ಅದಕ್ಕೊಂದು ಹಿನ್ನೆಲೆ ಉಂಟು. ಅಜ್ಜ ಕನ್ನಡ ಮಾಸ್ಟ್ರು. ಕೆಲಸಕ್ಕೆ ಸೇರಿದ ಮೇಲೆ ಪ್ರೈವೇಟಾಗಿ ಬಿ.ಎ. ಕಟ್ಟಿದ್ದರು. ಆಗ ನಮ್ಮ ಕಡೆಯೆಲ್ಲ ಕಲ್ಲಿಕೋಟೆ ಯೂನಿವರ್ಸಿಟಿಗೆ ಸೇರಿತ್ತು. ಫೀಸು, ಮಾರ್ಕ್ಸ್‌ಕಾರ್ಡು ಅಂತ ಆಗಾಗ ಹೋಗುತ್ತಿದ್ದರು. ಬರುವಾಗ ಮಲಯಾಳ ಪೇಪರಿನಲ್ಲಿ ಸುತ್ತಿದ ಹಲ್ವ ತರುತ್ತಿದ್ದರು. ಎಣ್ಣೆ ಹೀರಿದ ಆ ಪೇಪರನ್ನು ಅಜ್ಜಿ ಬಿಸಾಡುತ್ತಿರಲಿಲ್ಲ, ಅಡಿಗೆ ಕೋಣೆಯ ಗೂಡಿಗೆ ಹಾಸುತ್ತಿದ್ದರು. ಒಂದಕ್ಷರ ಓದಲು ಬರುವುದಿಲ್ಲ, ಆದರೆ ದಿನಾ ಡಬ್ಬಿ ತೆಗೆಯುವಾಗ ಅದೇ ಕಾಣುವುದು. ಅಜ್ಜ ತೀರಿಕೊಂಡು ಹದಿನೆಂಟು ವರ್ಷ. ಕಲ್ಲಿಕೋಟೆ ಅಜ್ಜಿಯ ಮಟ್ಟಿಗೆ ಆ ಪೇಪರಿನಷ್ಟೇ.

ಜನರಲ್ ಟಿಕೆಟ್ ತೆಗೆದೆ. ಹತ್ತಿದೆವು. ಕಣ್ಣೂರು ದಾಟಿದ ಮೇಲೆ ಫ್ಯಾಮಿಲಿ ಗ್ರೂಪಿನಲ್ಲಿ "ಅಜ್ಜಿ ನನ್ನ ಜೊತೆ ಇದ್ದಾರೆ, ನಾಳೆ ಬರ್ತೇವೆ" ಅಂತ ಹಾಕಿದೆ. ನನ್ನ ತಪ್ಪು ಇದ್ದರೆ ಅದೊಂದೇ, ಮೊದಲೇ ಹಾಕಬೇಕಿತ್ತು. ಅಷ್ಟರಲ್ಲಿ ಮಾವ ಕಣ್ಣಿನ ಡಾಕ್ಟರಿಗೆ, ಬಸ್‌ಸ್ಟ್ಯಾಂಡಿನ ಪರಿಚಯದ ಅಂಗಡಿಗೆ, ಬೆಂಗಳೂರಲ್ಲಿ ನನ್ನ ಅಮ್ಮನಿಗೆ ಎಲ್ಲ ಫೋನು ಮಾಡಿ ಆಗಿತ್ತು.

ಮರುದಿನ ಸಂಜೆಯೊಳಗೆ ಮನೆ ಮುಟ್ಟಿದೆವು. ಅಜ್ಜಿ ಆರಾಮ. ನಾನು ಮಾತ್ರ ಅಪರಾಧಿ. ನೀವೇ ಹೇಳಿ.

ಅಡಿಕೆ ಮಾವ:
ತಪ್ಪೇ. ಇದರಲ್ಲಿ ಕೇಳಲಿಕ್ಕೆ ಎಂತ ಉಂಟು? ಊಟಕ್ಕೆ ಬರುತ್ತೇವೆ ಅಂದವರು ಬರಲಿಲ್ಲ. 78 ವರ್ಷದ ಹೆಂಗಸು. ಮನೆಯಲ್ಲಿದ್ದವನ ಹೊಟ್ಟೆಯಲ್ಲಿ ಎಂತ ಆಗಿರಬಹುದು ಅಂತ ಒಂದು ಸಲ ಯೋಚಿಸಿ. ನನ್ನ ಅಮ್ಮ ಒಮ್ಮೆ ನೆರೆಮನೆಗೆ ಹೋಗಿ ಎರಡು ಗಂಟೆ ಕಾಣದಾಗ ನಾನು ಬಾವಿಗೆ ಟಾರ್ಚ್ ಬಿಟ್ಟು ನೋಡಿದ್ದೇನೆ. ನಗಬೇಡಿ.

ಕುಂಬಳೆ ಎಕ್ಸ್‌ಪ್ರೆಸ್:
ಬಾವಿಗೆ ಟಾರ್ಚ್ 😂 ಕ್ಷಮಿಸಿ ಮಾವ, ತಡೆಯಲಾಗಲಿಲ್ಲ.

ಸಿಸ್ಟರ್ ಬದಿಯಡ್ಕ:
ಪೊರೆ ತೆಗೆಸಿ ಎರಡು ತಿಂಗಳಾಗಿ, ಡಾಕ್ಟರು ಸರಿ ಉಂಟು ಅಂದಿದ್ದರೆ ಪ್ರಯಾಣಕ್ಕೆ ತೊಂದರೆ ಇಲ್ಲ. ಮೊದಲ ಕೆಲವು ವಾರವಾದರೆ ನಾನೇ ಬೈಯುತ್ತಿದ್ದೆ, ಧೂಳು, ಬೆವರು, ಕಣ್ಣು ಉಜ್ಜುವುದು ಯಾವುದೂ ಆಗದು. ನನ್ನ ಪ್ರಶ್ನೆ ಬೇರೆ. ಅಜ್ಜಿಗೆ ಬೀಪಿ, ಶುಗರ್ ಉಂಟಾ? ಮಾತ್ರೆ ಚೀಲದಲ್ಲಿತ್ತಾ?

ಪೆರ್ಲದ ಕೂಸು:
@ಸಿಸ್ಟರ್ ಬದಿಯಡ್ಕ, ಬೀಪಿ ಉಂಟು. ರಾತ್ರಿಯ ಮಾತ್ರೆ ಇರಲಿಲ್ಲ. ರೈಲಿನಲ್ಲಿ ಕೂತು ಅದು ನೆನಪಾಗಿ ಹೊಟ್ಟೆ ಚುರ್ ಅಂದಿತು. ಪುಣ್ಯಕ್ಕೆ ಹಳೆ ಚೀಟಿಯ ಫೋಟೋ ಫೋನಿನಲ್ಲಿತ್ತು. ಅಲ್ಲಿಯ ಮೆಡಿಕಲ್ ಶಾಪಿನಲ್ಲಿ ತೋರಿಸಿ ಅದೇ ಮಾತ್ರೆ ತೆಗೆದುಕೊಂಡೆ.

ಸಿಸ್ಟರ್ ಬದಿಯಡ್ಕ:
ಎಲ್ಲರೂ ಇದೊಂದು ಮಾಡಿ ಇಟ್ಟುಕೊಳ್ಳಿ. ಮನೆಯ ಹಿರಿಯರ ಔಷಧಿ ಚೀಟಿ, ಆಧಾರ್, ಎರಡೂ ಫೋನಿನಲ್ಲಿ ಫೋಟೋ. ಆಸ್ಪತ್ರೆಗೆ ಬರುವವರಲ್ಲಿ ಅರ್ಧ ಜನ "ಬಿಳಿ ಮಾತ್ರೆ, ಸಣ್ಣದು" ಅನ್ನುತ್ತಾರೆ. ನಾವು ಎಂತ ಮಾಡುವುದು?

ನೀರ್ಚಾಲು ಭಟ್ರು:
ಅದೆಲ್ಲ ಇರಲಿ. ಅಜ್ಜಿ ಊಟ ಎಂತ ಮಾಡಿದರು? ನಮ್ಮ ಅಜ್ಜಿಯಂದಿರು ಕಾಸರಗೋಡು ಪೇಟೆಯಲ್ಲೇ ನೀರು ಕುಡಿಯುವವರಲ್ಲ.

ಪೆರ್ಲದ ಕೂಸು:
ಭಟ್ರೇ, ಇದಕ್ಕೇ ನನಗೆ ಜಾಸ್ತಿ ಹೆದರಿಕೆ ಇತ್ತು. ಅಜ್ಜಿ ಹೊರಗೆ ಅನ್ನ ಮುಟ್ಟುವವರಲ್ಲ. ಮೊದಲು ಎಳನೀರು, ಆಮೇಲೆ ನೇಂದ್ರ ಬಾಳೆಹಣ್ಣು. ಸಂಜೆ ಮಿಠಾಯಿ ತೆರುವಿಗೆ ಹೋದೆವು. ಹಲ್ವ ಬೀದಿ. ಸ್ಟೇಷನ್ನಿಂದ ಸುಮಾರು ಒಂದು ಕಿಲೋಮೀಟರ್. ವಾಹನ ಬಿಡುವುದಿಲ್ಲ, ಅಜ್ಜಿ ನಡುರಸ್ತೆಯಲ್ಲೇ ಕೈ ಬೀಸಿಕೊಂಡು ನಡೆದರು.

ಅಂಗಡಿಯಲ್ಲಿ ಹಲ್ವ ಇಟ್ಟಿಗೆಯ ಹಾಗೆ ಪೇರಿಸಿ ಇಟ್ಟಿದ್ದರು. ಕೆಂಪು, ಹಸಿರು, ಕಪ್ಪು. ಹಸಿಮೆಣಸಿನದ್ದೂ ಉಂಟು! ಅಂಗಡಿಯವ ಕತ್ತಿಯಲ್ಲಿ ಕಪ್ಪು ಹಲ್ವದ ತೆಳು ಬಿಲ್ಲೆ ಕೊಯ್ದು ಪೇಪರಿನ ಮೇಲಿಟ್ಟು ಅಜ್ಜಿಯ ಕಡೆ ಚಾಚಿದ. ಅಜ್ಜಿ ತೆಗೆದುಕೊಳ್ಳಲಿಲ್ಲ. ಎಂತ ಎಣ್ಣೆ ಅಂತ ಕೇಳು ಅಂದರು. ನಾನು ಕೇಳುವ ಮೊದಲೇ ಅವನಿಗೆ ಅರ್ಥವಾಯಿತು. "ವೆಳಿಚ್ಚೆಣ್ಣ ಅಮ್ಮೇ" ಅಂದ. ತೆಂಗಿನೆಣ್ಣೆ. ಅಜ್ಜಿ ಒಂದು ನಿಮಿಷ ನಿಂತರು. ಮುಖದಲ್ಲಿ ಲೆಕ್ಕಾಚಾರ ನಡೆಯುವುದು ನನಗೆ ಕಾಣುತ್ತಿತ್ತು. ಕೊನೆಗೆ "ಎಣ್ಣೆಲಿ ಕಾಸಿದ್ದಲ್ಲದಾ, ಮುಸುರೆ ಅಲ್ಲ" ಅಂತ, ಅಂದರೆ ಅನ್ನದ ಹಾಗೆ ನೀರಲ್ಲಿ ಬೇಯಿಸಿದ್ದಲ್ಲ ಅಂತ, ತೀರ್ಮಾನ ಮಾಡಿ ಬಾಯಿಗೆ ಹಾಕಿದರು.

ಮತ್ತೆ ಒಂದು ಬಿಲ್ಲೆ ಕೇಳಿದರು. ಅದರ ನಂತರ ಕೆಂಪು. ಒಂದು ಕಿಲೋ ಕಟ್ಟಿಸಿದೆವು. ಅಂಗಡಿಯವ ಪ್ಲಾಸ್ಟಿಕ್ ಡಬ್ಬಿಗೆ ಹಾಕಲು ಹೊರಟಾಗ ಬೇಡ, ಪೇಪರಿನಲ್ಲಿ ಸುತ್ತು ಅಂತ ಅಜ್ಜಿ ಕೈಸನ್ನೆ ಮಾಡಿದರು. ಅವ ನನ್ನ ಮುಖ ನೋಡಿದ. ನಾನು ಹೌದು ಅಂದೆ. ಎರಡನ್ನೂ ಮಾಡಿಕೊಟ್ಟ.

ನೀರ್ಚಾಲು ಭಟ್ರು:
ಮುಸುರೆ ಅಲ್ಲ! 😄 ಅಜ್ಜಿ ಹೈಕೋರ್ಟಿಗೆ ಹೋಗಬೇಕಾದವರು.

ಚಂದ್ರಗಿರಿ ದಡ:
ಮಾತಿನ ಮಧ್ಯೆ ಬಾಯಿ ಹಾಕುತ್ತೇನೆ. ನಮ್ಮವರ ಒಂದು ಚಾಳಿ ಉಂಟು. ಪೇಟೆ ಅಂದರೆ ಮಂಗಳೂರು. ಆಸ್ಪತ್ರೆ ಮಂಗಳೂರು, ಸೀರೆ ಮಂಗಳೂರು, ಕಾಲೇಜು ಮಂಗಳೂರು. 1956ರ ನವೆಂಬರ್ 1ರಿಂದ ಕೇರಳದಲ್ಲಿದ್ದೇವೆ, ಆದರೆ ಕಣ್ಣೂರಿನಾಚೆ ಎಂತ ಉಂಟು ಅಂತ ನೋಡಿದವರು ಎಷ್ಟು ಜನ? ನಾನು 34 ವರ್ಷದವ, ಕಲ್ಲಿಕೋಟೆಗೆ ಹೋದದ್ದು ಒಂದು ಇಂಟರ್ವ್ಯೂಗೆ ಮಾತ್ರ. ಅಜ್ಜಿ ನಮಗಿಂತ ಮುಂದೆ.

ಕುಂಬಳೆ ಎಕ್ಸ್‌ಪ್ರೆಸ್:
ಅದು ಚಾಳಿ ಅಲ್ಲ ಮಾರಾಯ್ರೆ, ದೂರದ ಲೆಕ್ಕ. ಮಂಗಳೂರು 50 ಕಿಲೋಮೀಟರ್. ಕಲ್ಲಿಕೋಟೆ ಅದರ ಮೂರು ಪಟ್ಟಿಗಿಂತ ಜಾಸ್ತಿ. ಯಾರು ಹೋಗುತ್ತಾರೆ?

ಚಂದ್ರಗಿರಿ ದಡ:
ವಂದೇ ಭಾರತ್‌ನಲ್ಲಿ ಎರಡು ಗಂಟೆ ಚಿಲ್ಲರೆ. ನೀವು ಮಂಗಳೂರಿನ ಹತ್ತಿರ ತೊಕ್ಕೊಟ್ಟಿನ ಟ್ರಾಫಿಕ್ ಬ್ಲಾಕಿನಲ್ಲಿ ಅಷ್ಟೇ ಹೊತ್ತು ಕೂರುತ್ತೀರಿ.

ಪೊಸಡಿಗುಂಪೆ:
ಮೈಸೂರಿಗೆ ಕರೆದುಕೊಂಡು ಹೋಗಬೇಕಿತ್ತು. ಜಾಲ್ಸೂರು, ಸುಳ್ಯ, ಮಡಿಕೇರಿ ಅಂತ ಬಸ್ಸು ಉಂಟು. ಅರಮನೆಗೆ ಭಾನುವಾರ ಸಂಜೆ ಲೈಟು ಹಾಕುತ್ತಾರೆ. ಕನ್ನಡದ ಊರು. ಅಜ್ಜಿಗೆ ಮಾತಾಡಲೂ ಸುಲಭ. ಕರ್ನಾಟಕದೊಳಗೆ ಬಸ್ ಟಿಕೆಟ್ಟೂ ಫ್ರೀ.

ಚಂದ್ರಗಿರಿ ದಡ:
ಹೋದದ್ದು ಮಂಗಳವಾರ ಸ್ವಾಮಿ. ಲೈಟು ಹಾಕುವುದು ಭಾನುವಾರ ಮತ್ತು ಸರಕಾರಿ ರಜೆಗೆ. ಮಂಗಳವಾರ ಮೈಸೂರಲ್ಲಿ ಝೂ ಕೂಡ ಬಂದ್.

ಜೋಡುಕಲ್ಲು ಅಕ್ಕ:
ಫ್ರೀ ಅಂತೆ! ಶಕ್ತಿ ಯೋಜನೆ ಕರ್ನಾಟಕದ ವಿಳಾಸ ಇರುವವರಿಗೆ. 2023ರ ಜೂನ್ 11ಕ್ಕೆ ಶುರುವಾದಾಗ ನಾನೂ ಖುಷಿಯಲ್ಲಿ ಹೋಗಿ ಆಧಾರ್ ತೋರಿಸಿದ್ದೆ. ಕಂಡಕ್ಟರ್ ನೋಡಿ "ಅಕ್ಕ, ಇದು ಕೇರಳದ್ದಲ್ವಾ" ಅಂದರು. ನಾನು ಕನ್ನಡ ಶಾಲೆಯಲ್ಲಿ ಓದಿದ್ದು ಅಂದೆ. "ಕನ್ನಡ ಚಂದ ಮಾತಾಡ್ತೀರಿ, ಟಿಕೆಟ್ ತಗೊಳ್ಳಿ" ಅಂದರು.

ಕುಂಬಳೆ ಎಕ್ಸ್‌ಪ್ರೆಸ್:
ಕನ್ನಡ ಚಂದ ಮಾತಾಡ್ತೀರಿ, ಟಿಕೆಟ್ ತಗೊಳ್ಳಿ. ಇದನ್ನು ನಮ್ಮ ಜಿಲ್ಲೆಯ ಬೋರ್ಡಿನಲ್ಲಿ ಬರೆಸಬೇಕು.

ಪೊಸಡಿಗುಂಪೆ:
ಮಹಾಜನ ವರದಿ 1967ರಲ್ಲೇ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದಿತ್ತು. ಆಗಲೇ ಜಾರಿ ಮಾಡಿದ್ದರೆ…

ಅಡ್ಮಿನ್:
ಆ ವಿಷಯಕ್ಕೆ ಬೇರೆ ಚರ್ಚೆ ಉಂಟು, 400 ಕಮೆಂಟು ಆಗಿದೆ. ಇಲ್ಲಿ ಅಜ್ಜಿ ಮಾತ್ರ.

ಮಂಜೇಶ್ವರ ಮಾಸ್ಟ್ರು:
ಅಜ್ಜಿಯ ಬಗ್ಗೆಯೇ ಹೇಳುತ್ತೇನೆ. ಮಗಳೇ, ನಿನ್ನ ಅಜ್ಜಿ ದಾಟಿದ ಎರಡು ಹೊಳೆ ಗೊತ್ತುಂಟಾ? ಕಾಸರಗೋಡು ಬಿಟ್ಟ ಕೂಡಲೇ ಚಂದ್ರಗಿರಿ. ಕೊಯಿಲಾಂಡಿ ಕಳೆದು ಕಲ್ಲಿಕೋಟೆಗೆ ಮುಂಚೆ ಕೋರಪುಝ. ಹಿಂದಿನ ಕಾಲದಲ್ಲಿ ಉತ್ತರ ಮಲಬಾರಿನ ನಾಯರ್ ಹೆಂಗಸರು ಈ ಕೋರಪುಝ ದಾಟಿ ದಕ್ಷಿಣಕ್ಕೆ ಹೋಗಬಾರದು ಅಂತ ಕಟ್ಟು ಇತ್ತು. ದಾಟಿದರೆ ಜಾತಿ ಹೋಯಿತು. ಗಂಡಸರಿಗೆ ಆ ಕಟ್ಟು ಇರಲಿಲ್ಲ, ಅವರು ಬೇಕಾದಲ್ಲಿ ತಿರುಗಬಹುದಿತ್ತು. ನಮ್ಮವರಿಗೆ ಹಾಗೊಂದು ಹೊಳೆ ಹೆಸರಿಟ್ಟು ಹೇಳಿರಲಿಲ್ಲ, ಅಷ್ಟೇ. ಅಂಗಳವೇ ಹೊಳೆ.

ಇನ್ನೊಂದು. ಅಜ್ಜ ಬಿ.ಎ. ಕಟ್ಟಿದ್ದು ಕಲ್ಲಿಕೋಟೆ ಯೂನಿವರ್ಸಿಟಿಯಿಂದ ಅಂದಿಯಲ್ಲ, ಸರಿ. ಅದು ಶುರುವಾದದ್ದು 1968ರಲ್ಲಿ. ಕಣ್ಣೂರು ಯೂನಿವರ್ಸಿಟಿ ಬಂದದ್ದು 1996ಕ್ಕೆ, ಅಲ್ಲಿಯವರೆಗೆ ನಾವೆಲ್ಲ ಅವರ ಕೆಳಗೇ. ಆದರೆ ಯೂನಿವರ್ಸಿಟಿ ಇರುವುದು ಕಲ್ಲಿಕೋಟೆ ಪೇಟೆಯಲ್ಲಲ್ಲ, ತೇಞಿಪ್ಪಾಲದಲ್ಲಿ, ಮಲಪ್ಪುರಂ ಜಿಲ್ಲೆ. ಅಜ್ಜ ಬಸ್ಸು ಬದಲಿಸಿ ಹೋಗಿ ಬಂದು, ರೈಲಿಗೆ ಮೊದಲು ಹಲ್ವ ಕಟ್ಟಿಸಿರಬೇಕು. ನಾನೂ ಹಾಗೇ ಮಾಡುತ್ತಿದ್ದೆ.

ಪೆರ್ಲದ ಕೂಸು:
ಮಾಸ್ಟ್ರೇ, ಇದನ್ನು ಅಜ್ಜಿಗೆ ಓದಿ ಹೇಳಿದೆ. ಹೊಳೆಯ ಕತೆಗೆ "ಅಪ್ಪಾ?" (ಹೌದಾ?) ಅಂತ ಮಾತ್ರ ಅಂದರು. ನೀವೂ ಹಲ್ವ ತರುತ್ತಿದ್ದಿರಿ ಅಂದಾಗ, ಕೆಂಪಾ ಕಪ್ಪಾ ಅಂತ ಕೇಳುತ್ತಿದ್ದಾರೆ.

ಮಂಜೇಶ್ವರ ಮಾಸ್ಟ್ರು:
ಕೆಂಪು. ಆಗ ಕಪ್ಪಿಗೆ ದುಡ್ಡು ಜಾಸ್ತಿ.

ಪೆರ್ಲದ ಕೂಸು:
ಅಜ್ಜಿ ಈಗ ಸುಮ್ಮನೆ ಕೂತಿದ್ದಾರೆ. ಅಜ್ಜ ತರುತ್ತಿದ್ದದ್ದು ಕಪ್ಪು.

ಜೋಡುಕಲ್ಲು ಅಕ್ಕ:
ಅಯ್ಯೋ.

ತಾಳವಾಡಿ ಹುಡುಗ:
ನಾನು ತಮಿಳುನಾಡು ಗಡಿಯವನು, ತಾಳವಾಡಿ. ನಮ್ಮ ಕತೆ ಇನ್ನೂ ಮಜಾ. ನಮಗೆ ಚಾಮರಾಜನಗರ ಹತ್ತಿರ, ಆದರೆ ಜಿಲ್ಲಾ ಕಚೇರಿ ಈರೋಡು. ಮಧ್ಯೆ ದಿಂಬಂ ಘಾಟಿ, 27 ತಿರುವು. ಅಜ್ಜಿಯ ಪೆನ್ಷನ್ ಕಾಗದಕ್ಕೆ ಒಂದು ಸಲ ಈರೋಡಿಗೆ ಕರೆದುಕೊಂಡು ಹೋದೆ. ಇಳಿಯುವಾಗಲೇ ಅಜ್ಜಿ ಮೂರು ಸಲ ವಾಂತಿ ಮಾಡಿದಳು. ವಾಪಸ್ ಬರುವಾಗ ಬಣ್ಣಾರಿ ಮುಟ್ಟುವುದಕ್ಕೆ ತಡವಾಯಿತು. ಹುಲಿ ಕಾಡು, ರಾತ್ರಿ ಗಾಡಿ ಬಿಡುವುದಿಲ್ಲ, ಗೇಟು ಹಾಕಿಬಿಟ್ಟರು. ಅಮ್ಮನವರ ಗುಡಿ ಹತ್ತಿರ ಚಾಪೆ ತಗೊಂಡು ಮಲಗಿದೆವು. ಅಜ್ಜಿ ಅವತ್ತಿನಿಂದ ಊರಿನವರಿಗೆಲ್ಲ "ಮೊಮ್ಮಗ ಬಣ್ಣಾರಮ್ಮನ ಸೇವೆ ಮಾಡಿಸಿದ" ಅಂತ ಹೇಳಿಕೊಂಡು ಓಡಾಡುತ್ತಾಳೆ. ಪೆನ್ಷನ್ ಕಾಗದದಲ್ಲಿ ಹೆಸರು ತಪ್ಪಿತ್ತು, ಮತ್ತೆ ಹೋಗಬೇಕಾಯಿತು. ಅದು ಬಿಡಿ.

ಅಕ್ಕಲಕೋಟಿ ಮಂದಿ:
ನಮ್ಮ ಆಯಿಗೆ ಸೊಲ್ಲಾಪುರ ಅಂದರೆ ಪರ ಊರೇ ಅಲ್ಲ. ಜನವರಿಯ ಸಿದ್ಧೇಶ್ವರ ಜಾತ್ರೆಗೆ ಹೇಳದೆ ಕೇಳದೆ ಗಾಡಿ ಹತ್ತಿ ಹೋಗುತ್ತಾಳೆ, ಎರಡು ದಿನ ಬಿಟ್ಟು ಬರುತ್ತಾಳೆ. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ. ನಾವೇ ಅವಳಿಗೆ ಫೋನು ಮಾಡಿ ಎಲ್ಲಿದ್ದೀ ಅಂತ ಕೇಳಬೇಕು. ನಿಮ್ಮ ಕರಾವಳಿ ಮಂದಿ ಬಹಳ ಹೆದರುತ್ತೀರಿ ಬಿಡ್ರಿ.

ಅಡಿಕೆ ಮಾವ:
ಹೆದರಿಕೆ ಅಲ್ಲ ಅಕ್ಕ, ಜವಾಬ್ದಾರಿ. ಏನಾದರೂ ಆಗಿದ್ದರೆ ಈ ಚರ್ಚೆಯಲ್ಲಿ ನಗುವವರು ಯಾರೂ ಬರುತ್ತಿರಲಿಲ್ಲ. ಆಸ್ಪತ್ರೆ ಬಾಗಿಲಲ್ಲಿ ನಿಲ್ಲುವವನು ಆ ಮಾವನೇ.

ಚಂದ್ರಗಿರಿ ದಡ:
ಮನೆಯಲ್ಲೇ ಇದ್ದರೆ ಏನೂ ಆಗುವುದಿಲ್ಲವಾ? ನನ್ನ ಅಜ್ಜಿ ಬಿದ್ದದ್ದು ನಮ್ಮದೇ ಬಚ್ಚಲಿನಲ್ಲಿ.

ಅಡಿಕೆ ಮಾವ:
ಅದು ವಾದಕ್ಕೆ ಚಂದ. ಮೆಸೇಜು ರೈಲು ಹತ್ತುವ ಮೊದಲು ಹಾಕಬಹುದಿತ್ತು, ಅಷ್ಟೇ ನಾನು ಹೇಳುವುದು. ಯಾಕೆ ಹಾಕಲಿಲ್ಲ? ಬೇಡ ಅನ್ನುತ್ತಾರೆ ಅಂತ ಗೊತ್ತಿತ್ತು. ಹೌದಾ ಅಲ್ವಾ?

ಪೆರ್ಲದ ಕೂಸು:
ಹೌದು. ಅದು ನಿಜ. ಕಾಸರಗೋಡಿನಲ್ಲೇ ಹಾಕಿದ್ದರೆ ಮಾವ ಕಾಞಂಗಾಡಿನಲ್ಲಿ ಇಳಿಸುತ್ತಿದ್ದರು.

ಸಿಸ್ಟರ್ ಬದಿಯಡ್ಕ:
ಪ್ರಾಮಾಣಿಕ ಉತ್ತರ. ರಾತ್ರಿ ಎಲ್ಲಿ ಉಳಿದಿರಿ? ಇಬ್ಬರೇ ಹೆಂಗಸರು, ಸಾಮಾನು ಇಲ್ಲ. ಲಾಡ್ಜಿನವರು ಒಂದು ಥರ ನೋಡುತ್ತಾರೆ.

ಪೆರ್ಲದ ಕೂಸು:
ಮೊದಲು ಹೋದ ಕಡೆ ಹಾಗೇ ಆಯಿತು. ಬ್ಯಾಗಿಲ್ಲ, ಬುಕ್ಕಿಂಗ್ ಇಲ್ಲ, ಕೈಯಲ್ಲಿ ಒಂದು ಕಿಲೋ ಹಲ್ವ. ಕೌಂಟರಿನವ ಮೇಲಿಂದ ಕೆಳಗೆ ನೋಡಿ ರೂಮಿಲ್ಲ ಅಂದ. ಹಿಂದೆ ಬೋರ್ಡಿನಲ್ಲಿ ಬೀಗದ ಕೈಗಳ ಸಾಲೇ ನೇತಾಡುತ್ತಿತ್ತು. ಎರಡನೇ ಕಡೆ ಒಬ್ಬರು ಹೆಂಗಸು ಇದ್ದರು, ಇಬ್ಬರ ಆಧಾರ್ ನೋಡಿ ಕೊಟ್ಟರು. ಕಣ್ಣಿನ ಡಾಕ್ಟರಲ್ಲಿಗೆ ಬೇಕಾದೀತು ಅಂತ ಅಜ್ಜಿಯ ಆಧಾರ್ ತಂದದ್ದು ಒಳ್ಳೆಯದಾಯಿತು.

ಉಟ್ಟ ಸೀರೆ ಬಿಟ್ಟರೆ ಅಜ್ಜಿಗೆ ಬೇರೆ ಇಲ್ಲ. ಮಿಠಾಯಿ ತೆರುವಿನಲ್ಲೇ ಒಂದು ಹೂವಿನ ನೈಟಿ, ಒಂದು ಬೈರಾಸು (ಟವಲು), ಎರಡು ಬ್ರಷ್ ತಗೊಂಡಿದ್ದೆ. ಅಜ್ಜಿ ಜೀವನದಲ್ಲಿ ನೈಟಿ ಹಾಕಿದವರಲ್ಲ. ಅತ್ತೆ ಹಾಕಿದರೆ ಕಣ್ಣು ಕೆಂಪು ಮಾಡುವವರು. ಬಚ್ಚಲಿನಿಂದ ಹೊರಗೆ ಬಂದು ಕನ್ನಡಿ ಮುಂದೆ ನಿಂತರು. "ಗಾಳಿ ಆಡ್ತು" ಅಂದರು. ಅಷ್ಟೇ. ಈಗ ಅದು ಮನೆಗೆ ಬಂದು ಒಗೆದು, ಮಡಚಿ, ಅಜ್ಜಿಯ ಪೆಟ್ಟಿಗೆ ಸೇರಿದೆ.

ಜೋಡುಕಲ್ಲು ಅಕ್ಕ:
ಅತ್ತೆಯ ಅಭಿಪ್ರಾಯ ಏನು? ಮಾವನದ್ದು ಮಾತ್ರ ಹೇಳುತ್ತಿದ್ದೀರಿ.

ಪೆರ್ಲದ ಕೂಸು:
ಅತ್ತೆ ಪಾಪ ದನದ ಜೊತೆ ಒದ್ದಾಡಿದರು. ಅಜ್ಜಿ ಅಲ್ಲದೆ ಬೇರೆಯವರು ಕೂತರೆ ಅದು ಹಾಲು ಬಿಡುವುದಿಲ್ಲ. ಸಂಜೆ ಅಕ್ಕಚ್ಚು ಇಟ್ಟು, ಕರು ಬಿಟ್ಟು, ಅಜ್ಜಿಯ ಹಳೆ ಸೀರೆ ಸುತ್ತಿಕೊಂಡು ಕೂತರಂತೆ. ಅರ್ಧ ಚೊಂಬು ಬಂತು, ಆಮೇಲೆ ಒದೆ ಬಂತು. ಮಾವನಿಗೆ ಕೋಪ ಯಾಕೆ ಅಂದರೆ ಮರುದಿನ ಬೆಳಿಗ್ಗೆ ಚಹಾಕ್ಕೆ ಹಾಲಿರಲಿಲ್ಲ ಅಂತ ಅತ್ತೆ ನನ್ನ ಕಿವಿಯಲ್ಲಿ ಹೇಳಿದರು.

ಕುಂಬಳೆ ಎಕ್ಸ್‌ಪ್ರೆಸ್:
ಈಗ ಗೊತ್ತಾಯಿತು ಕೇಸಿನ ಬುಡ.

ನೀರ್ಚಾಲು ಭಟ್ರು:
ದನಕ್ಕೂ ಒಂದು ಮೆಸೇಜು ಹಾಕಬೇಕಿತ್ತು.

ಮವ್ವಾರು ಮಾಣಿ:
ಕಡಲಿಗೆ ಹೋಗಲಿಲ್ಲವಾ? ಕಲ್ಲಿಕೋಟೆ ಅಂದರೆ ಬೀಚು. ವಾಸ್ಕೋಡಗಾಮ ಬಂದು ಇಳಿದದ್ದು ಅಲ್ಲೇ ಅಲ್ವಾ.

ಮಂಜೇಶ್ವರ ಮಾಸ್ಟ್ರು:
ಅಲ್ಲಲ್ಲ. 1498ರಲ್ಲಿ ಬಂದದ್ದು ಕಾಪ್ಪಾಡ್ ಅಂತ ಹೇಳುವುದು. ಪೇಟೆಯಿಂದ ಉತ್ತರಕ್ಕೆ ಇನ್ನೂ ದೂರ ಉಂಟು.

ಪೆರ್ಲದ ಕೂಸು:
ಹೋದೆವು. ಹಲ್ವಕ್ಕಿಂತ ಮೊದಲು ಹೋದದ್ದೇ ಅಲ್ಲಿಗೆ. ಆಟೋದವರು ಮೀಟರ್ ಹಾಕಿ, ಉಳಿದ ಚಿಲ್ಲರೆಯನ್ನೂ ಎಣಿಸಿ ಕೊಟ್ಟರು. ನಾನು ಬೆಂಗಳೂರಿನವಳು, ನನಗೆ ಆಶ್ಚರ್ಯ.

ಸೂರ್ಯ ಮುಳುಗುವ ಹೊತ್ತು. ಕಟ್ಟೆಯ ಮೇಲೆ ಕೂತೆವು. ಅಜ್ಜಿ ತುಂಬಾ ಹೊತ್ತು ನೋಡಿ "ಕುಂಬ್ಳೆಲಿ ಇಪ್ಪದೂ ಇದೇ ಕಡಲಲ್ಲದಾ?" ಅಂದರು. ಹೌದು ಅಂದೆ. ನಮ್ಮ ಮನೆಯಿಂದ ಕುಂಬಳೆ ಕಡಲಿಗೆ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. ಅಜ್ಜಿ ಅಲ್ಲಿಗೆ ಹೋದದ್ದು ಅಮಾವಾಸ್ಯೆಗೆ ಮೀಯಲು ಮಾತ್ರ. ಮಿಂದು, ಒದ್ದೆ ಸೀರೆ ಹಿಂಡಿ, ಬಸ್ಸು ತಪ್ಪುತ್ತದೆ ಅಂತ ಓಡುವುದು. ಸುಮ್ಮನೆ ಕೂರಲು ಹೋದದ್ದು ಒಂದು ಸಲವೂ ಇಲ್ಲವಂತೆ. ನಾನು ಲೆಕ್ಕ ಹಾಕಿದೆ, ನಾನೂ ಅಜ್ಜಿಯನ್ನು ಒಂದು ಸಲವೂ ಕರೆದುಕೊಂಡು ಹೋಗಿಲ್ಲ.

ಅಲ್ಲಿ ಗಾಡಿಗಳಲ್ಲಿ ಉಪ್ಪುನೀರಿನಲ್ಲಿ ಹಾಕಿದ ನೆಲ್ಲಿಕಾಯಿ, ಮಾವಿನಕಾಯಿ, ಅನಾನಸು ಮಾರುತ್ತಾರೆ. ಗಾಜಿನ ಭರಣಿಗಳ ಸಾಲು. ಅಜ್ಜಿ ಎದ್ದು ಹೋಗಿ ಭರಣಿಯ ಹತ್ತಿರ ಮುಖ ಇಟ್ಟು ನೋಡಿದರು. ನೆಲ್ಲಿಕಾಯಿ ಒಂದು ತೆಗೆದುಕೊಂಡರು. ಅರ್ಧ ಕಚ್ಚಿ ಉಪ್ಪು ಸಾಲದು ಅಂದರು. ಒಂದು ವಾರಕ್ಕೆ ಮೇಲೆ ಬೂಸಲು ಬರುತ್ತದೆ, ನಮ್ಮ ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ) ವರ್ಷ ಇರುವುದಿಲ್ಲವಾ ಅಂತ ಆ ಹುಡುಗನಿಗೆ ವಿವರಿಸಿದರು. ತೋಟದ ಕೆಲಸಕ್ಕೆ ಬರುವವರಿಂದ ಕಲಿತ ಮಲಯಾಳ, ಅದಕ್ಕೆ ನಮ್ಮ ಭಾಷೆ ಬೆರೆಸಿದ್ದು. ಅವ "ಶರಿ ಅಮ್ಮಚ್ಚೀ, ಶರಿ" ಅಂತ ತಲೆ ಆಡಿಸುತ್ತಲೇ ಇದ್ದ. ದುಡ್ಡು ತೆಗೆದುಕೊಳ್ಳಲಿಲ್ಲ.

ಚಂದ್ರಗಿರಿ ದಡ:
ಕಲ್ಲಿಕೋಟೆ ಬೀಚಿನಲ್ಲಿ ಉಪ್ಪಿನ ಪಾಠ ಮಾಡಿದ ಅಜ್ಜಿ! 2023ರಲ್ಲಿ ಯುನೆಸ್ಕೊದವರು ಆ ಊರಿಗೆ ಸಾಹಿತ್ಯ ನಗರ ಅಂತ ಹೆಸರು ಕೊಟ್ಟಿದ್ದಾರೆ. ಉಪ್ಪಿನಕಾಯಿಗೂ ಒಂದು ಕೊಡಲಿ.

ಮವ್ವಾರು ಮಾಣಿ:
ಹಿರಿಯರಿಗೆ ರೈಲಿನಲ್ಲಿ ಅರ್ಧ ಟಿಕೆಟ್ ಉಂಟಲ್ಲ, ಅದು ತೆಗೆದಿರಾ?

ಕುಂಬಳೆ ಎಕ್ಸ್‌ಪ್ರೆಸ್:
ಎಲ್ಲಿಯ ಕಾಲದಲ್ಲಿದ್ದೀರಿ? 58 ದಾಟಿದ ಹೆಂಗಸರಿಗೆ ಅರ್ಧ, 60 ದಾಟಿದ ಗಂಡಸರಿಗೆ ಶೇಕಡಾ 40 ರಿಯಾಯಿತಿ ಇತ್ತು. 2020ರ ಮಾರ್ಚಿನಲ್ಲಿ ಕೊರೊನಾ ಅಂತ ನಿಲ್ಲಿಸಿದರು. ಕೊರೊನಾ ಹೋಯಿತು, ರಿಯಾಯಿತಿ ಬರಲಿಲ್ಲ. ರಿಸರ್ವ್ ಮಾಡುವಾಗ ವಯಸ್ಸು ಸರಿ ಹಾಕಿದರೆ ಕೆಳಗಿನ ಬರ್ತ್ ಸಿಗುವ ಸಾಧ್ಯತೆ ಜಾಸ್ತಿ, ಅಷ್ಟೇ ಲಾಭ.

ಪೆರ್ಲದ ಕೂಸು:
ಹೋಗುವಾಗ ಜನರಲ್. ಕಾಲಿಡಲು ಜಾಗ ಇರಲಿಲ್ಲ, ಆದರೆ ಒಬ್ಬ ಕಾಲೇಜು ಹುಡುಗ ಅಜ್ಜಿಯನ್ನು ನೋಡಿ ಎದ್ದ. ಮಾಹೆ ಬಂದಾಗ ಅಜ್ಜಿಗೆ ಇದು ಪುದುಚೇರಿಗೆ ಸೇರಿದ್ದು, ಹಿಂದೆ ಫ್ರೆಂಚರದ್ದು ಅಂದೆ. "ಹಾಂಗಾರೆ ನಾವು ಮಾತ್ರ ಅಲ್ಲ" ಅಂದರು. ಯಾವ ಅರ್ಥದಲ್ಲಿ ಅಂದರು ಅಂತ ಈಗಲೂ ಯೋಚಿಸುತ್ತಿದ್ದೇನೆ. ವಾಪಸ್ಸಿಗೆ ವಂದೇ ಭಾರತ್. ಅಜ್ಜಿಗೆ ಅದು ಇಷ್ಟವಾಗಲಿಲ್ಲ. ಕಿಟಕಿ ತೆರೆಯಲಿಕ್ಕಿಲ್ಲ, ಚಳಿ ಬೇರೆ.

ಜೋಡುಕಲ್ಲು ಅಕ್ಕ:
ಮಾವ ಈಗ ಹೇಗಿದ್ದಾರೆ?

ಪೆರ್ಲದ ಕೂಸು:
ಇವತ್ತು ಬೆಳಿಗ್ಗೆ ನಾನು ಕ್ಷಮೆ ಕೇಳಿದೆ. ಮೆಸೇಜು ತಡ ಮಾಡಿದ್ದಕ್ಕೆ ಮಾತ್ರ, ಹೋದದ್ದಕ್ಕಲ್ಲ. ಅಡಿಕೆ ಮಾವ ಹೇಳಿದ್ದು ಸರಿ ಅನ್ನಿಸಿತು. ಮಾವ ಏನೂ ಹೇಳದೆ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದರು. ಅಜ್ಜಿ ಜಗಲಿಯಿಂದಲೇ "ಎನಗೆ 78 ವರ್ಷ ಆತು, ಆನು ಎಂತ ಕಳ್ಳತನ ಮಾಡಿದ್ದೆನಾ? ಬೈವದಾದರೆ ಎನ್ನ ಬೈ" ಅಂದರು. ಮಾವ ಬೈಯಲಿಲ್ಲ. ಮಧ್ಯಾಹ್ನ ನೋಡಿದರೆ ಕೆಂಪು ಹಲ್ವ ಅರ್ಧ ಖಾಲಿ. ದನವಂತೂ ತಿಂದಿಲ್ಲ.

ಸಿಸ್ಟರ್ ಬದಿಯಡ್ಕ:
ಮಾವನಿಗೆ ಶುಗರ್ ಇಲ್ಲ ತಾನೇ?

ಪೆರ್ಲದ ಕೂಸು:
ಸಿಸ್ಟರೇ, ಅದನ್ನು ನೀವೇ ಬಂದು ಕೇಳಿ. ನಾನು ಈಗಷ್ಟೇ ಬಚಾವಾಗಿದ್ದೇನೆ.

ಪೊಸಡಿಗುಂಪೆ:
ಆದರೂ ಮೈಸೂರು ಒಳ್ಳೆಯದಿತ್ತು.

ಚಂದ್ರಗಿರಿ ದಡ:
ನೀವು ನಿಮ್ಮ ಅಜ್ಜಿಯನ್ನು ಕರೆದುಕೊಂಡು ಹೋಗಿ ಸ್ವಾಮಿ, ಯಾರು ಬೇಡ ಅಂದರು?

ಅಡಿಕೆ ಮಾವ:
@ಪೆರ್ಲದ ಕೂಸು, ಆ ಎರಡನೇ ಲಾಡ್ಜು ಸ್ಟೇಷನ್ನಿಗೆ ಹತ್ತಿರವಾ? ಕೆಳಗಿನ ಮಹಡಿಯಲ್ಲಿ ರೂಮು ಸಿಗುತ್ತದಾ? ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಆಗುವುದಿಲ್ಲ. ಸುಮ್ನೆ ಕೇಳಿದ್ದು.

ಪೆರ್ಲದ ಕೂಸು:
ಹತ್ತಿರವೇ ಮಾವ, ಆಟೋ ಬೇಡ. ಲಿಫ್ಟ್ ಉಂಟು. ಬಚ್ಚಲಿನಲ್ಲಿ ನೆಲ ಸ್ವಲ್ಪ ಜಾರುತ್ತದೆ, ಒಂದು ಬೈರಾಸು ಹಾಸಿ. ಮೆಸೇಜು ಮೊದಲೇ ಹಾಕಿ.